ಕುಂಡದ ಮರಸಸಿಗೆ ಹಿಮದ ಕಾಟ: ಮೊದಲು ಬೇರನ್ನು ಕಾಯಿರಿ

ನೆಡಲು ತಂದ ಮರದ ಸಸಿ ಕುಂಡದಲ್ಲೇ ಚಳಿಗಾಲ ಕಳೆಯಬೇಕಾಗಿ ಬಂದರೆ ಎಲ್ಲರೂ ಹೊದಿಸಲು ಹೋಗುವುದು ಕೊಂಬೆಗಳಿಗೆ. ಚಳಿ ಕೊಲ್ಲುವುದು ಮಾತ್ರ ಬೇರನ್ನು. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೂ ಜಗ್ಗದ ಜಾತಿಗಳಲ್ಲಿ ಕೂಡ ಎಳೆಬೇರು ಮೈನಸ್ 5ರ ಆಸುಪಾಸಿಗೇ ಸಾಯಬಹುದು. ನೆಲದಲ್ಲಿದ್ದರೆ ಸುತ್ತಲ ಮಣ್ಣೇ ಅದನ್ನು ಕಾಯುತ್ತದೆ. ಕುಂಡದಲ್ಲಿ ಎಳೆಬೇರೆಲ್ಲ ಅಂಚಿಗೆ ಅಂಟಿಕೊಂಡಿರುತ್ತದೆ, ಅದಕ್ಕೂ ಕೊರೆಯುವ ಗಾಳಿಗೂ ನಡುವೆ ತೆಳು ಪ್ಲಾಸ್ಟಿಕ್ ಅಷ್ಟೇ.

ಜಾಗವಿದ್ದರೆ ಕುಂಡವನ್ನೇ ಹೂತುಬಿಡಿ, ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ನೆಲ ಗಟ್ಟಿಯಾಗುವ ಮುಂಚೆಯೇ, ನೀರು ನಿಲ್ಲದ ಕಡೆ, ಕುಂಡದ ಬಾಯಿ ನೆಲಕ್ಕೆ ಸಮವಾಗುವಷ್ಟು ಆಳದ ಗುಂಡಿ ತೋಡಿ. ಕುಂಡ ಇಳಿಸಿದ ಮೇಲೆ ಸುತ್ತಲ ಸಂದಿಗೆ ಮಣ್ಣು ತುಂಬಿ ಅದುಮಿ. ಪೊಳ್ಳು ಉಳಿದರೆ ಚಳಿಗಾಳಿ ಅಲ್ಲೇ ನುಗ್ಗುತ್ತದೆ. ಮೇಲೆ 10–15 ಸೆಂ.ಮೀ. ತರಗೆಲೆ ಅಥವಾ ಮರದ ಚಕ್ಕೆ ಹರಡಿ. ಕಾಂಡದ ಸುತ್ತ ನಾಲ್ಕು ಬೆರಳಷ್ಟು ಜಾಗ ಬಿಡಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ.

ಅಗೆಯಲು ಆಗದಿದ್ದರೆ ಕುಂಡಗಳನ್ನು ನೆಲದ ಮೇಲೆ ಒತ್ತೊತ್ತಾಗಿ ಜೋಡಿಸಿ, ನಾಜೂಕಿನವು ನಡುವೆ ಇರಲಿ. ಸಂದಿಗಳಲ್ಲಿ ತರಗೆಲೆ ತುರುಕಿ, ಹೊರಗೆ ಸುತ್ತಲೂ ಒಂದಡಿ ದಪ್ಪ ಒಣಹುಲ್ಲು ಒಟ್ಟಿ, ಹಾರದಂತೆ ಜಾಲರಿ ಕಟ್ಟಿ. ಬಿಸಿಲು ಬೀಳುವ ಗೋಡೆ ಬೆಚ್ಚಗಿರುತ್ತದೆಂದು ಅಲ್ಲಿಡುವುದು ಮಾಮೂಲಿ ತಪ್ಪು. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಬೇರಿಗೂ ತೊಗಟೆಗೂ ಪೆಟ್ಟು. ಗಾಳಿ ಬೀಸದ ನೆರಳೇ ಮೇಲು. ಮಣ್ಣಿನ ಕುಂಡವಾದರೆ ಇನ್ನೊಂದು ತೊಂದರೆ: ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಕುಂಡವೇ ಸೀಳುತ್ತದೆ.

ಎಲೆ ಉದುರಿಸುವ ಮರಗಳನ್ನು, ಎಲೆಯೆಲ್ಲ ಬಿದ್ದ ಮೇಲೆ, ಹೀಟರ್ ಇಲ್ಲದ ಶೆಡ್ಡಿನಲ್ಲೂ ಇಡಬಹುದು. ಒಳಗೆ 0ಯಿಂದ 5 ಡಿಗ್ರಿ ಇದ್ದರೆ ಸಾಕು, ಬೆಳಕು ಬೇಕಿಲ್ಲ. ನಿತ್ಯಹಸಿರಿನವಕ್ಕೆ ಬೆಳಕು ಬೇಕೇ ಬೇಕು. ಬೆಚ್ಚಗಿನ ಮನೆಯೊಳಗೆ ಮಾತ್ರ ಯಾವುದನ್ನೂ ತರಬೇಡಿ. ಅಕಾಲದಲ್ಲಿ ಚಿಗುರುತ್ತದೆ, ಹೊರಗಿಟ್ಟ ದಿನವೇ ಆ ಚಿಗುರು ಕರಕಲು.

ಹಿಮ ಬೀಳುವ ಮುನ್ನ ಚೆನ್ನಾಗಿ ನೀರು ಕೊಡಿ. ಒಣಮಣ್ಣು ಬೇಗ ತಣಿಯುತ್ತದೆ, ತೇವದ ಮಣ್ಣು ನಿಧಾನ. ಆಮೇಲೆ ಎರಡು ಮೂರು ವಾರಕ್ಕೊಮ್ಮೆ, ಮಣ್ಣು ಸಡಿಲವಿದ್ದ ದಿನ, ಬೆರಳಿಟ್ಟು ನೋಡಿ. ಎರಡಂಗುಲ ಕೆಳಗೂ ಒಣಗಿದ್ದರಷ್ಟೇ ನೀರು ಹಾಕಿ. ಹುಲ್ಲಿನ ಬೆಚ್ಚಗೆ ಇಲಿಗಳೂ ಸೇರಿಕೊಂಡು ತೊಗಟೆ ಕಡಿಯುತ್ತವೆ. ಕಾಂಡದ ಸುತ್ತ 6 ಮಿ.ಮೀ. ಕಣ್ಣಿನ ತಂತಿಜಾಲರಿಯನ್ನು, ಬುಡ ಮಣ್ಣೊಳಗೆ ಹೋಗುವಂತೆ ನಿಲ್ಲಿಸಿ.

ಚಳಿ ಇಳಿಯಿತೆಂದು ಮೊದಲ ಬಿಸಿಲಿಗೇ ಹೊದಿಕೆ ಕೀಳಬೇಡಿ, ರಾತ್ರಿಯ ಹಿಮ ನಿಲ್ಲಲಿ. ನೆಡುವ ಮುನ್ನ ಕುಂಡದಿಂದ ಜಾರಿಸಿ ಅಂಚಿನ ಬೇರು ನೋಡಿ. ಗಟ್ಟಿಯಾಗಿದ್ದು, ಕೊಯ್ದರೆ ಒಳಗೆ ಬೆಳ್ಳಗಿದ್ದರೆ ಜೀವವಿದೆ. ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರಿದರೆ ಸತ್ತಿದೆ. ಬರೀ ಚಿಗುರು ನೋಡಿ ನಂಬುವಂತಿಲ್ಲ: ಕಾಂಡದಲ್ಲಿ ಉಳಿದ ಆಹಾರದಿಂದಲೇ ಮೊಗ್ಗು ಒಡೆದು, ಬೇರಿಲ್ಲದೆ ಕೆಲವೇ ವಾರದಲ್ಲಿ ಬಾಡುವುದುಂಟು.