ಎ ಟೀಮಾ, ಬಿ ಟೀಮಾ? ಮೊದಲು ಪ್ರಾಕ್ಟೀಸ್ ನೋಡಿ ಬನ್ನಿ

ಬೇಸಿಗೆ ರಜೆಯ ಫುಟ್‌ಬಾಲ್ ಕ್ಯಾಂಪ್‌ಗಳು ಮುಗಿಯುತ್ತಿದ್ದ ಹಾಗೆ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. "ಮಿಸ್, ಮಗನನ್ನ ಎ ಟೀಮಿಗೆ ತಗೊಂಡಿದ್ದಾರೆ, ಆದ್ರೆ ಜಾಸ್ತಿ ಆಡ್ಸಲ್ವಂತೆ. ಬಿ ಟೀಮಲ್ಲಿದ್ರೆ ಕ್ಯಾಪ್ಟನ್ ಮಾಡ್ತಾರಂತೆ. ಏನ್ ಮಾಡೋದು?" ಶಿವಮೊಗ್ಗದವರು, ಭದ್ರಾವತಿಯವರು, ಸಾಗರದವರು, ಎಲ್ಲರದ್ದೂ ಇದೇ ಪ್ರಶ್ನೆ. ನನ್ನ ಉತ್ತರವೂ ಒಂದೇ. ಮಗು ಅರ್ಧ ಮ್ಯಾಚಾದರೂ ಆಡುವಂಥ ಟೀಮುಗಳಲ್ಲಿ ಯಾವುದು ಹೆಚ್ಚು ಗಟ್ಟಿಯೋ ಅದಕ್ಕೆ ಹಾಕಿ. ಹೇಳುವುದು ಸುಲಭ, ಆ ಟೀಮು ಯಾವುದು ಅಂತ ಪತ್ತೆ ಮಾಡುವುದು ಕಷ್ಟ. ಅದನ್ನೇ ಬರೆಯುತ್ತಿದ್ದೇನೆ.

ನಾನು ಪಿಟಿ ಟೀಚರಾಗಿ ರಿಟೈರ್ ಆದವಳು. ಆಡಿದ್ದು ಖೋ ಖೋ. ಫುಟ್‌ಬಾಲ್ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಹುಡುಗರ ಮ್ಯಾಚಿಗೆ ವಿಸಲ್ ಊದುತ್ತಾ ಊದುತ್ತಾ. ಯಾವ ಅಕಾಡೆಮಿಯ ಹಂಗೂ ನನಗಿಲ್ಲ, ಹಾಗಾಗಿ ನೇರವಾಗಿ ಹೇಳಬಲ್ಲೆ.

ಮೊದಲು, ನೀವು ಹೋಗುವ ಕಡೆ 'ಎ' ಅಂದರೆ ಏನು ಅಂತ ತಿಳಿದುಕೊಳ್ಳಿ. ಕೆಲವು ಕಡೆ ಆಟ ನೋಡಿ ಎ, ಬಿ ಮಾಡುತ್ತಾರೆ. ಕೆಲವು ಕಡೆ ಬೆಳಗಿನ ಬ್ಯಾಚು ಎ, ಸಂಜೆಯದು ಬಿ. ಹೊರಗಿನ ಊರಿನ ಟೂರ್ನಿಗೆ ದುಡ್ಡು ಕೊಡಲು ಒಪ್ಪಿದವರನ್ನೆಲ್ಲ ಎ ಅಂತ ಕರೆಯುವವರೂ ಇದ್ದಾರೆ. ಎರಡಕ್ಕೂ ಒಬ್ಬರೇ ಕೋಚಾ, ವಾರಕ್ಕೆ ಎಷ್ಟು ದಿನ ಪ್ರಾಕ್ಟೀಸು, ಪಟ್ಟಿಯಲ್ಲಿ ಎಷ್ಟು ಮಕ್ಕಳು ಅಂತ ಕೇಳಿ. 11 ಜನ ಆಡುವ ಆಟಕ್ಕೆ 16 ಜನರಿದ್ದರೆ ಸರಿ. 24 ಜನರಿದ್ದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬೆಂಚಿನಲ್ಲಿ ಕೂರಲೇಬೇಕಲ್ವಾ? ಲೆಕ್ಕ ಅಷ್ಟೇ. ಎ ಟೀಮಿಗೆ ಒಳ್ಳೆ ಕೋಚ್ ಇದ್ದು, ಬಿ ಟೀಮನ್ನು ಯಾರೋ ಸೀನಿಯರ್ ಹುಡುಗನ ಕೈಗೆ ಬಿಟ್ಟಿದ್ದರೆ ನನ್ನ ಸಲಹೆಯೇ ಬದಲಾಗುತ್ತದೆ. ಆಗ ಬಿ ಟೀಮಿನಲ್ಲಿ ಎಷ್ಟು ಹೊತ್ತು ಆಡಿದರೂ ಕಲಿಯುವುದು ಕಡಿಮೆ.

ಆಮೇಲೆ ಪ್ರಾಕ್ಟೀಸ್ ನೋಡಲು ಹೋಗಿ. ಮ್ಯಾಚ್ ಅಲ್ಲ, ಪ್ರಾಕ್ಟೀಸ್. 90 ನಿಮಿಷದ ಮ್ಯಾಚಿನಲ್ಲಿ ದೊಡ್ಡ ದೊಡ್ಡ ಆಟಗಾರರ ಕಾಲಲ್ಲೂ ಚೆಂಡು ಇರುವುದು ಎರಡು ಮೂರು ನಿಮಿಷ ಮಾತ್ರ. ಮಕ್ಕಳ ಮ್ಯಾಚ್ ಇನ್ನೂ ಚಿಕ್ಕದು. ಮಗು ಕಲಿಯುವುದು ವಾರದ ದಿನಗಳ ಪ್ರಾಕ್ಟೀಸಿನಲ್ಲಿ, ನಾಲ್ಕು ನಾಲ್ಕು ಜನ ಸಣ್ಣ ಜಾಗದಲ್ಲಿ ಆಡುವಾಗ.

ಎರಡೂ ಟೀಮಿನ ಜೊತೆ ಒಂದೊಂದು ದಿನ ಆಡಲು ಬಿಡಿ ಅಂತ ಕೋಚನ್ನು ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಗೋಲ್ ಹಿಂದೆ ನಿಲ್ಲಬೇಡಿ, ಮಗು ನಿಮ್ಮನ್ನೇ ನೋಡುತ್ತಿರುತ್ತದೆ. ದೂರದ ಕಾರ್ನರ್ ಕಡೆ ಹೋಗಿ. ಫೋನ್ ಜೇಬಲ್ಲಿರಲಿ. ಒಂದು ಕಾಲು ಗಂಟೆ ಚೆಂಡನ್ನು ನೋಡಲೇಬೇಡಿ, ನಿಮ್ಮ ಮಗುವನ್ನು ಮಾತ್ರ ನೋಡಿ. ಇದು ಅಂದುಕೊಂಡಷ್ಟು ಸುಲಭ ಅಲ್ಲ, ಕಣ್ಣು ತಾನಾಗಿಯೇ ಚೆಂಡಿನ ಹಿಂದೆ ಹೋಗುತ್ತದೆ.

ಎ ಟೀಮಿನ ಜೊತೆ ಆಡುವಾಗ, ಚೆಂಡು ತನ್ನ ಹತ್ತಿರ ಬರುವ ಮೊದಲು ಒಂದು ಸಲವಾದರೂ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡುತ್ತಾನಾ? ಬಂದ ಚೆಂಡನ್ನು ಕಾಲಲ್ಲಿ ನಿಲ್ಲಿಸುತ್ತಾನಾ, ಅಥವಾ ಬಂದ ಹಾಗೇ ಒದ್ದು ಸಾಗಹಾಕುತ್ತಾನಾ? ಸಾಗಹಾಕುತ್ತಿದ್ದರೆ ಹೆದರಿದ್ದಾನೆ ಅಂತ ಅರ್ಥ. ಇನ್ನೊಂದನ್ನು ತುಂಬಾ ಜನ ಗಮನಿಸುವುದಿಲ್ಲ. ಹೆದರಿದ ಹುಡುಗ ಎದುರು ಟೀಮಿನ ಹುಡುಗನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾನೆ. ಅಲ್ಲಿ ನಿಂತರೆ ಯಾರೂ ಅವನಿಗೆ ಪಾಸ್ ಕೊಡಲು ಆಗುವುದಿಲ್ಲ. ಓಡುತ್ತಿರುತ್ತಾನೆ, ಬೆವರುತ್ತಿರುತ್ತಾನೆ, ದೂರದಿಂದ ನೋಡಿದರೆ ಚೆನ್ನಾಗಿಯೇ ಆಡುತ್ತಿರುವ ಹಾಗೆ ಕಾಣುತ್ತದೆ. ಆದರೆ ಅವನು ಅಡಗಿದ್ದಾನೆ. ಎರಡು ಹೆಜ್ಜೆ ಪಕ್ಕಕ್ಕೆ ಬಂದು "ಮಚ್ಚಾ, ಇಲ್ಲಿ!" ಅಂತ ಕೂಗುವ ಹುಡುಗ, ಪಾಸ್ ಸಿಗದಿದ್ದರೂ ಆ ಟೀಮಿಗೆ ಸಲ್ಲುತ್ತಾನೆ.

ಬಿ ಟೀಮಿನ ಪ್ರಾಕ್ಟೀಸಿನಲ್ಲಿ ಇದಕ್ಕೆ ತದ್ವಿರುದ್ಧ ಇದೆಯಾ ಅಂತ ನೋಡಿ. ನನ್ನ ತಂಗಿಯ ಮಗ ಬಿ ಟೀಮಿನಲ್ಲಿ ರಾಜನ ಹಾಗಿದ್ದ. ತನ್ನ ಗೋಲಿನ ಹತ್ತಿರ ಚೆಂಡು ಸಿಕ್ಕರೆ ಆ ಕಡೆಯ ಗೋಲಿನವರೆಗೂ ಒಬ್ಬನೇ. ಎಲ್ಲವೂ ಬಲಗಾಲಲ್ಲೇ. ಉಳಿದವರು ಸುಮ್ನೆ ನಿಂತು ನೋಡುತ್ತಿದ್ದರು, ಅವನ ಅಪ್ಪ ವಿಡಿಯೋ ಮಾಡುತ್ತಿದ್ದರು. ಎ ಟೀಮಿಗೆ ಹೋದ ಮೇಲೆ ಆ ಬಲಗಾಲನ್ನು ಎಲ್ಲರೂ ಎರಡೇ ದಿನದಲ್ಲಿ ಅರ್ಥ ಮಾಡಿಕೊಂಡರು. ಚೆಂಡು ಸಿಕ್ಕಾಗಲೆಲ್ಲ ಕಳೆದುಕೊಂಡ. ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ತಲೆ ಎತ್ತಿ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಲು ಶುರು ಮಾಡಿದ. ಬಿ ಟೀಮಿನಲ್ಲೇ ಇದ್ದಿದ್ದರೆ ಅದು ಅವನಿಗೆ ಬೇಕಾಗುತ್ತಲೇ ಇರಲಿಲ್ಲ. ಅದೇ ಟೀಮಿಗೆ ಹೋದ ಇನ್ನೊಬ್ಬ ಹುಡುಗ ಮಾತ್ರ ಹೊಟ್ಟೆನೋವು ಅಂತ ಪ್ರಾಕ್ಟೀಸ್ ತಪ್ಪಿಸಲು ಶುರು ಮಾಡಿದ. ಚೆಂಡು ಹಿಡಿದು ಮುನ್ನುಗ್ಗಿದಾಗ ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ನಾಲ್ಕಕ್ಕೆ ನಾಲ್ಕೂ ಗೆದ್ದರೆ ಆ ಟೀಮು ತೀರಾ ಸಲೀಸು. ಒಂದೂ ಗೆಲ್ಲದಿದ್ದರೆ ಆ ಟೀಮಿಗೆ ಹೋಗಲು ಇನ್ನೂ ಹೊತ್ತಿದೆ.

ನೀರು ಕುಡಿಯಲು ಬಿಟ್ಟಾಗ ಮಗು ಯಾರ ಪಕ್ಕ ಹೋಗಿ ಕೂರುತ್ತದೆ ಅಂತಲೂ ನೋಡಿ. ಒಂಟಿಯಾಗಿ ಬ್ಯಾಗಿನ ಹತ್ತಿರ ನಿಂತಿದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಈಗ ನಮ್ಮ ಕಡೆಯದ್ದೇ ಆದ ಒಂದು ತೊಂದರೆ. ಮಳೆ. ಶಾಲೆ ಶುರುವಾದ ಮೇಲೆ ಜೂನ್, ಜುಲೈನಲ್ಲಿ ಸೆಲೆಕ್ಷನ್ ಇಟ್ಟರೆ ಗ್ರೌಂಡೆಲ್ಲ ಕೆಸರು. ನೆಲದ ಮೇಲೆ ಕೊಟ್ಟ ಪಾಸ್ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಚೆಂಡು ನೀರು ಕುಡಿದು ಭಾರ ಆಗಿರುತ್ತದೆ. ಅಂಥ ಗ್ರೌಂಡಿನಲ್ಲಿ ಮಿಂಚುವವನು ದೊಡ್ಡ ತೊಡೆಯವನು, ಜೋರಾಗಿ ಒದೆಯುವವನು, ತಳ್ಳಿಕೊಂಡು ಹೋಗುವವನು. ನವೆಂಬರ್ ಬರಲಿ. ನೆಲ ಒಣಗಿ ಗಟ್ಟಿಯಾಗುತ್ತದೆ, ಚೆಂಡು ಪುಟಿಯುತ್ತದೆ, ಜಾರಿ ಓಡುತ್ತದೆ. ಆಗ ಸಣ್ಣಗೆ, ಚುರುಕಾಗಿ ಇರುವ ಹುಡುಗನ ಕಾಲಿನ ಕೆಲಸ ಕಾಣುತ್ತದೆ. ಜುಲೈನ ಎ ಟೀಮೂ ಡಿಸೆಂಬರಿನ ಎ ಟೀಮೂ ಒಂದೇ ಆಗಬೇಕಿಲ್ಲ. ಹಾಗಾಗಿ ಮಳೆಗಾಲದ ಸೆಲೆಕ್ಷನ್ನಿನಲ್ಲಿ ಬಿ ಸಿಕ್ಕರೆ ಒಪ್ಪಿಕೊಳ್ಳಿ, ಆದರೆ ಅವತ್ತೇ ಕೋಚಿಗೆ "ಡಿಸೆಂಬರಲ್ಲಿ ಇನ್ನೊಂದು ಸಲ ನೋಡ್ತೀರಾ ಸರ್?" ಅಂತ ಕೇಳಿಟ್ಟಿರಿ. ತೀರ್ಥಹಳ್ಳಿ, ಆಗುಂಬೆ ಕಡೆಯ ಮಕ್ಕಳಿಗೆ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಅವರಿಗೆ ಪ್ರಾಕ್ಟೀಸೇ ಸರಿಯಾಗಿ ಆಗಿರುವುದಿಲ್ಲ.

ದೊಡ್ಡ ತೊಡೆ ಅಂದೆನಲ್ಲ, ಅದಕ್ಕೆ ಹುಟ್ಟಿದ ತಿಂಗಳೂ ಸೇರುತ್ತದೆ. ಮಕ್ಕಳ ಫುಟ್‌ಬಾಲಿನಲ್ಲಿ ವಯಸ್ಸಿನ ಲೆಕ್ಕ ಸಾಮಾನ್ಯವಾಗಿ ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹನ್ನೊಂದು ವರ್ಷದ ಮಗುವಿಗೆ ಹನ್ನೊಂದು ತಿಂಗಳು ಅಂದರೆ ಸಣ್ಣ ವ್ಯತ್ಯಾಸ ಅಲ್ಲ. ಯುರೋಪಿನ ದೊಡ್ಡ ಅಕಾಡೆಮಿಗಳಲ್ಲೂ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಜಾಸ್ತಿ ಅಂತ ಮತ್ತೆ ಮತ್ತೆ ಕಂಡುಬಂದಿದೆ. ಜೊತೆಗೆ ಮೈ ಬೆಳೆಯುವ ಹೊತ್ತು ಒಬ್ಬೊಬ್ಬರಿಗೆ ಒಂದೊಂದು ಥರ. ಹೆಣ್ಣುಮಕ್ಕಳು ಹನ್ನೆರಡರ ಆಸುಪಾಸಿನಲ್ಲಿ, ಗಂಡುಮಕ್ಕಳು ಹದಿನಾಲ್ಕರ ಆಸುಪಾಸಿನಲ್ಲಿ ಸರಸರ ಎತ್ತರ ಆಗುತ್ತಾರೆ. ಒಂದೆರಡು ವರ್ಷ ಹಿಂದೆಮುಂದೆ ಆಗುವುದು ಮಾಮೂಲಿ. ಇಂಗ್ಲೆಂಡಿನ ಸ್ಟ್ರೈಕರ್ ಜೇಮೀ ವಾರ್ಡಿಯನ್ನು 16ನೇ ವಯಸ್ಸಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬು, ಕುಳ್ಳ ಅಂತ ಕೈಬಿಟ್ಟಿತ್ತು. ಅವನು ಕೆಳಗಿನ ಲೀಗುಗಳಲ್ಲಿ ಆಡಿಕೊಂಡೇ ಇದ್ದು, 2012ರಲ್ಲಿ ಲೆಸ್ಟರ್ ಸಿಟಿಗೆ ಸೇರಿ, 2016ರಲ್ಲಿ ಅಲ್ಲಿನ ಅತಿ ದೊಡ್ಡ ಲೀಗಾದ ಪ್ರೀಮಿಯರ್ ಲೀಗ್ ಗೆದ್ದ ಟೀಮಿನ ಮುಂಚೂಣಿಯಲ್ಲಿದ್ದ. ಇದನ್ನು ಮಗುವಿಗೆ ಹೇಳಿ ಆಸೆ ಹುಟ್ಟಿಸಿ ಅಂತ ಅಲ್ಲ. ಬಿ ಟೀಮು ಸಿಕ್ಕಿದ ರಾತ್ರಿ ನಿದ್ದೆ ಬಾರದ ಅಪ್ಪ ಅಮ್ಮನಿಗೆ ಹೇಳುತ್ತಿದ್ದೇನೆ.

ಕೋಚಿನ ಹತ್ತಿರ ಮಾತಾಡುವಾಗ "ನಮ್ಮ ಹುಡುಗನಿಗೆ ಚಾನ್ಸ್ ಸಿಗುತ್ತಾ" ಅಂತ ಕೇಳಬೇಡಿ. ಸಿಗುತ್ತೆ ಅಂತಲೇ ಹೇಳುತ್ತಾರೆ, ಇನ್ನೇನು ಹೇಳಿಯಾರು? "ಹೋದ ಟೂರ್ನಿಯಲ್ಲಿ ಪಟ್ಟಿಯ ಹದಿನಾಲ್ಕನೇ ಹುಡುಗ ಎಷ್ಟು ನಿಮಿಷ ಆಡಿದ?" ಅಂತ ಕೇಳಿ. ಒಳ್ಳೆ ಕೋಚ್ ಸ್ವಲ್ಪ ಯೋಚಿಸಿ ಉತ್ತರ ಕೊಡುತ್ತಾರೆ. "ಎಲ್ಲರಿಗೂ ಸಮ ನೋಡ್ತೀವಿ ಮೇಡಂ" ಅಂದರೆ ಉತ್ತರ ಸಿಗಲಿಲ್ಲ ಅಂದುಕೊಳ್ಳಿ. ನಮ್ಮ ಕಡೆಯ ಟೂರ್ನಿಗಳು ಹೆಚ್ಚಾಗಿ ನಾಕೌಟ್ ಅನ್ನುವುದು ನೆನಪಿರಲಿ. ಸೋತರೆ ಮನೆಗೆ. ಅಂಥ ಕಡೆ ಯಾವ ಕೋಚೂ ಕೊನೇ ಹತ್ತು ನಿಮಿಷಕ್ಕೆ ಹೊಸ ಹುಡುಗನನ್ನು ಇಳಿಸುವುದಿಲ್ಲ, ನಾನೂ ಇಳಿಸುತ್ತಿರಲಿಲ್ಲ. ಲೀಗ್ ಆಡುವ ಟೀಮಾದರೆ ಬೆಂಚಿನ ಮಕ್ಕಳಿಗೂ ಸರದಿ ಬರುತ್ತದೆ. ಎ ಟೀಮು ಬರೀ ನಾಕೌಟ್ ಆಡುತ್ತದೆ, ಬಿ ಟೀಮು ಲೀಗ್ ಆಡುತ್ತದೆ ಅಂದರೆ, ಮಗು ಎರಡರ ಗಡಿಯಲ್ಲಿದ್ದಾಗ ಕಣ್ಣು ಮುಚ್ಚಿ ಬಿ ಆರಿಸಿ.

ವರ್ಷದ ಮಧ್ಯೆ ಬಿ ಇಂದ ಎ ಗೆ ಯಾರಾದರೂ ಹೋಗಿದ್ದಾರಾ ಅಂತಲೂ ಕೇಳಿ. ಯಾರೂ ಹೋಗಿಲ್ಲ ಅಂದರೆ ಅಲ್ಲಿ ಬಿ ಅನ್ನುವುದು ಫೀಸಿಗಾಗಿ ಮಾಡಿದ ಟೀಮು.

ಒಂದು ಮಧ್ಯದ ದಾರಿ ಇದೆ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಪ್ರಾಕ್ಟೀಸ್ ಎ ಟೀಮಿನ ಜೊತೆ, ಮ್ಯಾಚ್ ಬಿ ಟೀಮಿಗೆ. ವಾರದಲ್ಲಿ ಗಟ್ಟಿ ಹುಡುಗರ ಜೊತೆ ಗುದ್ದಾಟ, ಭಾನುವಾರ ಪೂರ್ತಿ ಮ್ಯಾಚು. ಗಡಿಯಲ್ಲಿರುವ ಮಗುವಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಒಂದೇ ಟೂರ್ನಿಯಲ್ಲಿ ಎರಡು ಟೀಮಿಗೆ ಆಡಲು ಸಾಮಾನ್ಯವಾಗಿ ಬಿಡುವುದಿಲ್ಲ, ಹೆಸರು ಬರೆಸುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎರಡೂ ಕಡೆ ಪ್ರಾಕ್ಟೀಸು, ಮೇಲೆ ಶಾಲೆಯ ಟೀಮು ಅಂತ ಓಡಾಡಿಸಲೂ ಬೇಡಿ. ವಾರಕ್ಕೆ ಆಡುವ ಗಂಟೆ ಮಗುವಿನ ವಯಸ್ಸನ್ನು ದಾಟಬಾರದು ಅಂತ ಕ್ರೀಡಾ ವೈದ್ಯರು ಹೇಳುವ ಲೆಕ್ಕ ಇದೆ. ಹನ್ನೆರಡು ವರ್ಷಕ್ಕೆ ಹನ್ನೆರಡು ಗಂಟೆ, ಅದಕ್ಕಿಂತ ಜಾಸ್ತಿ ಬೇಡ. ಎತ್ತರ ಆಗುತ್ತಿರುವ ಹುಡುಗ ಮಂಡಿಚಿಪ್ಪಿನ ಕೆಳಗೆ ನೋವು, ಹಿಮ್ಮಡಿ ನೋವು ಅಂದರೆ ನೆಪ ಅಂದುಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ.

ಗೋಲ್‌ಕೀಪರ್ ಆದರೆ ಮೇಲಿನದೆಲ್ಲ ಬದಿಗಿಡಿ. ಕೀಪರನ್ನು ಮಧ್ಯದಲ್ಲಿ ಬದಲಾಯಿಸುವುದು ತೀರಾ ಅಪರೂಪ. ಎರಡನೇ ಕೀಪರ್ ಅಂದರೆ ಜೆರ್ಸಿ ಹಾಕಿಕೊಂಡ ಪ್ರೇಕ್ಷಕ. ಯಾವ ಟೀಮಿನಲ್ಲಿ ಮೊದಲ ಕೀಪರೋ ಅಲ್ಲಿಗೆ ಹಾಕಿ. ಬಿ ಟೀಮಿನ ಡಿಫೆನ್ಸ್ ಸ್ವಲ್ಪ ಸಡಿಲ ಇದ್ದರೆ ಇನ್ನೂ ಒಳ್ಳೆಯದು, ಕೈತುಂಬಾ ಕೆಲಸ ಸಿಗುತ್ತದೆ.

ವಯಸ್ಸಿನ ವಿಷಯ. ಹನ್ನೆರಡರ ಒಳಗೆ ನನಗೆ ಸಂಶಯವೇ ಇಲ್ಲ, ಜಾಸ್ತಿ ಆಡುವ ಟೀಮು, ಎಲ್ಲ ಜಾಗದಲ್ಲೂ ಆಡಿಸುವ ಕೋಚು. ಹದಿಮೂರು ಹದಿನಾಲ್ಕರಲ್ಲಿ ಮೇಲೆ ಹೇಳಿದ ಪರೀಕ್ಷೆಯೆಲ್ಲ ಮಾಡಿ. ಹದಿನೈದು ದಾಟಿ ಹುಡುಗ ನಿಜವಾಗಿಯೂ ಮುಂದೆ ಹೋಗಬೇಕು ಅಂತಿದ್ದರೆ ಬೆಂಚಾದರೂ ಸರಿ, ಗಟ್ಟಿ ಟೀಮಿನ ಪ್ರಾಕ್ಟೀಸು ಬೇಕು. ಆದರೆ ಆಗಲೇ ಎಸ್ಸೆಸ್ಸೆಲ್ಸಿಯೂ ಬರುತ್ತದೆ. ಎ ಟೀಮು ಬೆಂಗಳೂರಿನಲ್ಲಿ ಆಡುತ್ತದೆ ಅಂದರೆ ಒಂದು ಕಡೆಗೆ ಸುಮಾರು 300 ಕಿಲೋಮೀಟರ್. ಶನಿವಾರ ರಾತ್ರಿ ರೈಲು, ಭಾನುವಾರ ಹತ್ತು ನಿಮಿಷದ ಆಟ, ಸೋಮವಾರ ಕ್ಲಾಸಿನಲ್ಲಿ ತೂಕಡಿಕೆ. ವರ್ಷಕ್ಕೆ ಇಂಥ ಎಷ್ಟು ಓಡಾಟ, ಖರ್ಚು ಯಾರದ್ದು ಅಂತ ಮೊದಲೇ ಬರೆಸಿಕೊಳ್ಳಿ.

ಅಕಾಡೆಮಿಯ ಎ ಟೀಮಿನಲ್ಲಿದ್ದರೆ ಸುಬ್ರೊತೊ ಕಪ್ ಆಡಬಹುದು ಅಂತ ಕೆಲವರು ತಿಳಿದಿದ್ದಾರೆ. 1960ರಿಂದ ನಡೆಯುತ್ತಿರುವ ಆ ಟೂರ್ನಿ ಶಾಲೆಗಳದ್ದು. ತಾಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟವೂ ಅಷ್ಟೇ. ಅಲ್ಲಿಗೆ ಬೇಕಾಗಿರುವುದು ಶಾಲೆಯ ಟೀಮು ಮತ್ತು ಆಸಕ್ತಿ ಇರುವ ಪಿಟಿ ಮೇಷ್ಟ್ರು.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಈ ಆಯ್ಕೆಯ ತಲೆನೋವು ನಮ್ಮ ಊರುಗಳಲ್ಲಿ ಬರುವುದು ಅಪರೂಪ, ಒಂದು ಟೀಮು ಆಗುವುದೇ ಕಷ್ಟ. ಹನ್ನೆರಡರವರೆಗೆ ಹುಡುಗರ ಬಿ ಟೀಮಿನ ಜೊತೆ ಪ್ರಾಕ್ಟೀಸಿಗೆ ಬಿಡಿ ಅಂತ ಧೈರ್ಯವಾಗಿ ಕೇಳಿ. ನಾನು ಕಂಡ, ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಗಟ್ಟಿ ಸ್ಟಾಪರ್ ಬ್ಯಾಕ್‌ಗಳಲ್ಲಿ ಒಬ್ಬಳು ಹಾಗೇ ಆಡಿ ಬೆಳೆದವಳು.

ಕೊನೆಗೆ ಮಗುವನ್ನೂ ಕೇಳಬೇಕಲ್ಲ. ಮ್ಯಾಚ್ ಮುಗಿಸಿ ಸ್ಕೂಟರ್ ಹತ್ತಿದ ಕೂಡಲೇ ಕೇಳಬೇಡಿ. ಗೆದ್ದಿದ್ದರೆ ಎ ಅನ್ನುತ್ತದೆ, ಸೋತಿದ್ದರೆ ಫುಟ್‌ಬಾಲೇ ಬೇಡ ಅನ್ನುತ್ತದೆ. ಎರಡು ದಿನ ಬಿಟ್ಟು, ಊಟ ಮಾಡುವಾಗ, "ಯಾವ ಟೀಮಿನ ಪ್ರಾಕ್ಟೀಸ್ ಇರೋ ದಿನ ಬೇಗ ಏಳಬೇಕು ಅನ್ಸುತ್ತೆ?" ಅಂತ ಕೇಳಿ. ಯಾವ ಟೀಮಾದರೂ ಒಂದು ಸೀಸನ್ ಪೂರ್ತಿ ಆಡಿಸಿ, ಕೋಚೇ ಮೇಲೆ ಕರೆಯದೆ ನಡುವೆ ನೀವಾಗಿ ಟೀಮು ಬದಲಾಯಿಸಬೇಡಿ. ಬದಲಾಯಿಸಲೇಬೇಕಾದರೆ ವಾಟ್ಸಾಪ್ ಗ್ರೂಪಿನಿಂದ ಸದ್ದಿಲ್ಲದೆ ಎಕ್ಸಿಟ್ ಆಗುವುದು ಬೇಡ. ಗ್ರೌಂಡಿಗೆ ಹೋಗಿ ಕೋಚಿಗೆ ಎದುರಿಗೇ ಹೇಳಿ, ಮಗುವನ್ನೂ ಕರೆದುಕೊಂಡು ಹೋಗಿ. ಊರು ಸಣ್ಣದು. ಮುಂದಿನ ವರ್ಷ ಜಿಲ್ಲಾ ಸೆಲೆಕ್ಷನ್ನಿಗೆ ಅದೇ ಕೋಚ್ ಪಟ್ಟಿ ಹಿಡಿದು ಕೂತಿರುತ್ತಾರೆ.