ಒಂದೇ ಅಡ್ಡಹೆಸರಿನ ಕಾಗದಗಳಲ್ಲಿ ನಮ್ಮ ಮನೆತನವನ್ನು ಹುಡುಕಿದ್ದು

ನಮ್ಮ ಅಡ್ಡಹೆಸರು ಕುಲಕರ್ಣಿ. ಹಿಂದೆ ಮುಂಬೈ ಕರ್ನಾಟಕ ಎನ್ನುತ್ತಿದ್ದ, ಈಗಿನ ಕಿತ್ತೂರು ಕರ್ನಾಟಕದ ಕಡೆ ಈ ಹೆಸರು ಹೇಳಿ ದಾಖಲೆ ಕೇಳಿದರೆ ಕಾಗದಗಳಿಗೆ ಬರವಿಲ್ಲ. ಊರೂರಿಗೂ ಲೆಕ್ಕ ಬರೆಯುವ ಕುಲಕರ್ಣಿ ಇದ್ದ, ಅವನ ವಂಶದವರಿಗೆ ಹುದ್ದೆಯೇ ಅಡ್ಡಹೆಸರಾಯಿತು. ಬಾದಾಮಿ ತಾಲೂಕಿನ ನಮ್ಮೂರ ಕುಲಕರ್ಣಿಗೂ ಪಕ್ಕದೂರ ಕುಲಕರ್ಣಿಗೂ ನೆಂಟಸ್ತಿಕೆ ಇರಲೇಬೇಕೆಂದೇನಿಲ್ಲ. ಹಾಗಾಗಿ ಮನೆತನದ ಪತ್ರ, ದಾಖಲೆಗಳನ್ನು ಒಂದೆಡೆ ತರಲು ಹೊರಟಾಗ ನಾನು ಊರು, ಗೋತ್ರ, ವತನದ (ವಂಶಪಾರಂಪರ್ಯ ಹುದ್ದೆಗೆ ಕೊಟ್ಟ) ಜಮೀನು ಈ ಮೂರನ್ನು ಗುರುತಾಗಿ ಇಟ್ಟುಕೊಂಡೆ. ಇವುಗಳಲ್ಲಿ ಎರಡಾದರೂ ತಾಳೆಯಾಗದ ಕಾಗದ ಎಷ್ಟೇ ಆಸೆ ಹುಟ್ಟಿಸಿದರೂ ಅದನ್ನು ಬೇರೆ ಕಡತಕ್ಕೆ ಹಾಕಿದೆ.

ಊರು ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಬದಲಾಗುತ್ತಾ ಬಂದಿದೆ. ಪೇಶ್ವೆಯವರ ಕಾಲದ ಕಾಗದ ಹುಡುಕಲು ಪುಣೆಯ ಪೇಶ್ವೆ ದಫ್ತರಕ್ಕೆ ಹೋಗಬೇಕು. 1818ರಲ್ಲಿ ಪೇಶ್ವೆ ಆಳ್ವಿಕೆ ಮುಗಿದ ನಂತರ ಧಾರವಾಡ ಜಿಲ್ಲೆ, 1836ರಲ್ಲಿ ಅದರಿಂದ ಬೆಳಗಾವಿ ಬೇರೆಯಾಯಿತು, ಮುಂದೆ ಕಲಾದಗಿ ಜಿಲ್ಲೆ ಬಂತು, 1885ರಲ್ಲಿ ಅದರ ಕೇಂದ್ರ ವಿಜಯಪುರಕ್ಕೆ ಹೋಯಿತು, 1997ರಿಂದ ಬಾಗಲಕೋಟೆ. ಯಾವ ಇಸವಿಯಲ್ಲಿ ಊರು ಯಾರ ಕೈಕೆಳಗಿತ್ತು ಎಂಬ ಪಟ್ಟಿಯನ್ನು ಮೊದಲೇ ಮಾಡಿಕೊಂಡೇ ನಾನು ಕಚೇರಿಗಳ ಮೆಟ್ಟಿಲು ಹತ್ತಿದೆ.

ಹಳೆಯ ಮೋಡಿ (ಮರಾಠಿಯ ಓಟದ ಬರಹದ ಲಿಪಿ) ಕಾಗದಗಳಲ್ಲಿ ವರ್ಷವನ್ನು ಶುಹೂರ್ ಸನ್ ಎಂಬ ಗಣನೆಯಲ್ಲಿ, ಅರಬ್ಬಿ ಪದಗಳಲ್ಲಿ ಬರೆದಿರುತ್ತಾರೆ. ‘ಖಮಸ ತಿಸೈನ ಮಯಾ ವ ಅಲಫ’ ಎಂದರೆ ಐದು, ತೊಂಬತ್ತು, ನೂರು, ಸಾವಿರ, ಒಟ್ಟು 1195. ಅದಕ್ಕೆ 599 ಕೂಡಿಸಿದರೆ ಕ್ರಿ.ಶ. 1794. ಈ ಗಣನೆಯ ವರ್ಷ ಮೃಗಶಿರ ಮಳೆಯಿಂದ ಆರಂಭವಾಗುವುದರಿಂದ, ಜನವರಿಯಿಂದ ಮೇವರೆಗಿನ ಕಾಗದವಾದರೆ 600 ಕೂಡಿಸಬೇಕು. ಲಿಪಿ ಓದಲು ಬಲ್ಲವರ ನೆರವು ಪಡೆದೆ. ಲೆಕ್ಕ ಮಾತ್ರ ನಾನೇ ಹಾಕಿದೆ.

ವಂಶಾವಳಿ ಸಿಗುವುದು ಹಕ್ಕಿನ ತಕರಾರು ಎದ್ದ ಕಡೆ. 1852ರ ಕಾಯ್ದೆಯಡಿ, ಇನಾಂ ಜಮೀನುಗಳ ಹಕ್ಕನ್ನು ಪರಿಶೀಲಿಸುವ ಇನಾಂ ಕಮಿಷನ್ ಪುರಾವೆ ಕೇಳಿದಾಗ ಹಿಡುವಳಿದಾರರು ಕೈಫಿಯತ್ತಿನ (ಲಿಖಿತ ಹೇಳಿಕೆಯ) ಜೊತೆಗೆ ತಲೆಮಾರುಗಳ ಹೆಸರುಗಳನ್ನೂ ಬರೆದುಕೊಟ್ಟರು. 1874ರ ವತನ ಕಾಯ್ದೆಯ ನಂತರ ಇಂಥ ಕಾಗದ ಇನ್ನೂ ಹೆಚ್ಚಿತು. ಆದರೆ ನಾನು ನೋಡಿದ ವಂಶಾವಳಿಗಳಲ್ಲೆಲ್ಲ ಗಂಡಸರದೇ ಸಾಲು. 1886ರ ತಿದ್ದುಪಡಿಯಂತೂ, ಕೊನೆಯ ವತನದಾರನ ವಿಧವೆಯನ್ನು ಬಿಟ್ಟು, ಮನೆತನದ ಉಳಿದ ಹೆಂಗಸರನ್ನೆಲ್ಲ ವಾರಸಿಕೆಯಲ್ಲಿ ಗಂಡಸರ ಹಿಂದಕ್ಕೆ ತಳ್ಳಿತು. ಅವರ ಹೆಸರು ಬರೆಯುವ ಗರಜು ಯಾರಿಗೂ ಬೀಳಲಿಲ್ಲ. ಇದು ನನ್ನನ್ನು ಬಹಳ ನೋಯಿಸಿತು. ಆ ಅಜ್ಜಿಯರಿಗಾಗಿಯೇ ನಾನು ಪತ್ರಗಳತ್ತ ಹೊರಳಿದೆ.

ಹಳೆಯ ಮನೆಗಳಲ್ಲಿ ಓದಿ ಮುಗಿದ ಪತ್ರವನ್ನು ಬಾಗಿಸಿದ ತಂತಿಗೆ ಚುಚ್ಚಿ ಗೂಟಕ್ಕೆ ತೂಗುಹಾಕುತ್ತಿದ್ದರು. ಮೊದಲು ಬಂದದ್ದು ತಳದಲ್ಲಿ, ಕೊನೆಗೆ ಬಂದದ್ದು ಮೇಲೆ. ತಾರೀಖು ಅಳಿಸಿಹೋದ ಪತ್ರಕ್ಕೆ ಆ ಅನುಕ್ರಮವೇ ಸಾಕ್ಷಿ. ಆದ್ದರಿಂದ ತಂತಿಯಿಂದ ತೆಗೆಯುವ ಮೊದಲೇ ಫೋಟೊ ಹಿಡಿದು, ತೆಗೆದಂತೆಲ್ಲ ಮೂಲೆಯಲ್ಲಿ ಮೆದುವಾದ ಪೆನ್ಸಿಲ್‌ನಿಂದ ಸಂಖ್ಯೆ ಹಾಕಿದೆ. ಅಂಟುಪಟ್ಟಿ, ಲ್ಯಾಮಿನೇಷನ್ ಎರಡನ್ನೂ ಹತ್ತಿರ ಬಿಡಲಿಲ್ಲ.

ಒಂದು ಕಾರ್ಡಿನ ಮೇಲೆ ‘ಕಾಳಯುಕ್ತಿ ಸಂವತ್ಸರ, ಆಶ್ವಿನ ವದ್ಯ’ (ವದ್ಯ ಎಂದರೆ ಕೃಷ್ಣಪಕ್ಷ) ಎಂದಷ್ಟೇ ಇತ್ತು, ಅಂಚೆ ಮುದ್ರೆ ಮಸಿಯಾಗಿತ್ತು. ಕಾಳಯುಕ್ತಿ ಬಂದದ್ದು 1858, 1918, 1978ರಲ್ಲಿ. ಭಾರತದಲ್ಲಿ ಅಂಚೆ ಕಾರ್ಡು ಶುರುವಾದದ್ದೇ 1879ರಲ್ಲಿ. ಈ ಕಾರ್ಡಿನ ಮೇಲೆ ಐದನೆಯ ಜಾರ್ಜ್ ದೊರೆಯ ಮುಖ, ಕಾಲಾಣೆ ಬೆಲೆ. ಅಲ್ಲಿಗೆ 1918ರ ದೀಪಾವಳಿಗೆ ಮುಂಚಿನ ದಿನಗಳು ಎಂದು ಖಚಿತವಾಯಿತು. ಊರಲ್ಲಿ ಜ್ವರ ಬಹಳವಿದೆ, ಹಬ್ಬಕ್ಕೆ ಬರಬೇಡಿ ಎಂಬ ಒಕ್ಕಣೆಗೂ ಆಗ ಅರ್ಥ ಸಿಕ್ಕಿತು. ಅದು ಇನ್‌ಫ್ಲುಯೆಂಜಾ ದೇಶವನ್ನೇ ಅಲ್ಲಾಡಿಸಿದ ವರ್ಷ.

ಸಾವಿನ ಸುದ್ದಿ ತಂದ ಕಾಗದ ಮಾತ್ರ ತಂತಿಯಲ್ಲಿ ಒಂದೂ ಇರಲಿಲ್ಲ. ಅಶುಭ ಪತ್ರವನ್ನು ಓದಿದ ಕೂಡಲೇ ಹರಿದು ಎಸೆಯುವುದು ನಮ್ಮಲ್ಲಿ ರೂಢಿ. ಹಾಗಾದರೆ ಸಾವನ್ನು ಪತ್ತೆ ಮಾಡುವುದು ಹೇಗೆ? ವಿಳಾಸದಿಂದ. ಮುತ್ತಜ್ಜಿಗೆ ಒಂದು ಪತ್ರದವರೆಗೆ ‘ಸೌ.’ (ಸೌಭಾಗ್ಯವತಿ) ಎಂದು ಬರೆದವರು ಅದರ ಮೇಲಿನ ಪತ್ರದಲ್ಲಿ ‘ಗಂ.ಭಾ.’ (ಗಂಗಾಭಾಗೀರಥಿ, ವಿಧವೆಯ ಹೆಸರಿಗೆ ಮುಂಚೆ ಬರೆಯುವ ಮಾತು) ಎಂದು ಬರೆದಿದ್ದರು. ಮುತ್ತಜ್ಜ ತೀರಿಹೋದದ್ದು ಆ ಎರಡು ಪತ್ರಗಳ ನಡುವೆ. ಆ ಅವಧಿಯನ್ನು ಹಿಡಿದು ತಾಲೂಕು ಕಚೇರಿಯ ಹಳೆಯ ವಾರಸಾ ದಾಖಲೆಗಳನ್ನು ತಿರುವಿದೆ. ಮುತ್ತಜ್ಜನ ಹೆಸರು ಕಡಿಮೆ ಮಾಡಿ ಮಕ್ಕಳ ಹೆಸರು ಏರಿಸಿದ ನಮೂದು ಸಿಕ್ಕಿತು. ಮನೆಯ ಪತ್ರ, ಸರಕಾರದ ಪುಸ್ತಕ ಎರಡೂ ಒಂದೇ ಮಾತು ಹೇಳಿದ ಆ ಹೊತ್ತಿನ ಸಂತೋಷವನ್ನು ಹೇಳಲಾರೆ.

ಇಷ್ಟಾದರೂ ನಮ್ಮ ಮನೆಯಲ್ಲಿ ಉಳಿದದ್ದು ಬಂದ ಪತ್ರಗಳು ಮಾತ್ರ. ಇಲ್ಲಿಂದ ಹೋದ ಪತ್ರಗಳು ಹೆಣ್ಣುಮಕ್ಕಳ ಗಂಡನ ಮನೆಗಳಲ್ಲಿವೆ, ಬೇರೆ ಅಡ್ಡಹೆಸರುಗಳ ಕೆಳಗೆ. ಅಡ್ಡಹೆಸರೊಂದನ್ನೇ ಹುಡುಕುವವರಿಗೆ ಅವು ಎಂದೂ ಸಿಗುವುದಿಲ್ಲ. ಹಾಗಾಗಿ ಈಗ ವಂಶವೃಕ್ಷದಲ್ಲಿ ಪ್ರತಿ ಮಗಳ ಎದುರಿಗೆ ಅವಳನ್ನು ಕೊಟ್ಟ ಊರು, ಮನೆತನದ ಹೆಸರು ಬರೆಯುತ್ತಿದ್ದೇನೆ. ಸೋದರತ್ತೆಯವರ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಅವರ ಸೊಸೆಯೇ ಇಳಿಸಿ, ಒಳಗಿನ ಪತ್ರಗಳ ಚಿತ್ರಗಳನ್ನು ನನ್ನ ಮೊಬೈಲಿಗೆ ಕಳಿಸಿಕೊಡುತ್ತಿದ್ದಾರೆ. ನಮ್ಮ ಪತ್ರಗಳಿಗೆ ಅಲ್ಲಿಂದ ಉತ್ತರ, ಅಲ್ಲಿನ ಪ್ರಶ್ನೆಗಳಿಗೆ ಇಲ್ಲಿಂದ ಉತ್ತರ ಹೊಂದಿಸುವ ಕೆಲಸ ನಡೆದಿದೆ.