ಗಿಳಿ ಬಿಳಿ ಅಲ್ಲ: ಮನೆಯಲ್ಲೇ ಮಾಡುವ ಬಣ್ಣದ ಪ್ರಾಸದ ಪುಸ್ತಕ

ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿದ್ದೆವು. ನೀರಲ್ಲಿ ಆನೆಗಳ ಮೈ ತಿಕ್ಕುತ್ತಿದ್ದರು. ಎರಡೂವರೆ ವರ್ಷದ ನಮ್ಮ ಪುಟ್ಟಿ ಹೆಗಲ ಮೇಲೆ ಕೂತು ಸುಮಾರು ಹೊತ್ತು ನೋಡಿ, "ಇದು ಆನೆ ಅಲ್ಲ" ಎಂದಳು. ಯಾಕೆ ಅಂತ ಕೇಳಿದರೆ, "ಆನೆ ನೀಲಿ."

ಮನೆಯಲ್ಲಿದ್ದ ಪ್ರಾಸದ ಪುಸ್ತಕದಲ್ಲಿ ಆನೆ ನೀಲಿ, ಬೆಕ್ಕು ನೇರಳೆ. ಸರಿ, ನೀಲಿಯಾದರೂ ಬಂತಲ್ಲ ಅಂದುಕೊಂಡೆ. ಮನೆಗೆ ಬಂದು ನೀಲಿ ಬಕೆಟ್ ತೋರಿಸಿದರೆ ಉತ್ತರವೇ ಇಲ್ಲ. ಅವಳಿಗೆ ನೀಲಿ ಅನ್ನುವುದು ಆನೆಯ ಇನ್ನೊಂದು ಹೆಸರಾಗಿತ್ತು, ಅಷ್ಟೇ.

ಆ ಮಳೆಗಾಲ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕೂತು ನಾನೇ ಒಂದು ಪುಸ್ತಕ ಮಾಡಿದೆ. ಹಳೇ ಲಗ್ನಪತ್ರಿಕೆಗಳ ಖಾಲಿ ಬೆನ್ನು ಸಾಕು, ಒಳ್ಳೆ ದಪ್ಪ ಇರುತ್ತದೆ. ತೂತು ಮಾಡಿ ಗೋಣಿದಾರದಲ್ಲಿ ಹೊಲಿಯಿರಿ. ಮೇಲೆ ಅಗಲ ಟೇಪ್ ಅಂಟಿಸಿ, ಇಲ್ಲದಿದ್ದರೆ ಜೊಲ್ಲಿಗೆ ಮೂರೇ ದಿನ. ಒಂದು ಪುಟಕ್ಕೆ ಒಂದೇ ಪ್ರಾಣಿ, ಒಂದೇ ಬಣ್ಣ. ಹಿನ್ನೆಲೆಯಲ್ಲಿ ಮರ, ಮೋಡ ಏನೂ ಬೇಡ. ಚಿತ್ರ ಸೊಟ್ಟ ಆದರೂ ಪರವಾಗಿಲ್ಲ. ನನ್ನ ಎಮ್ಮೆ ಸೋಫಾ ಥರ ಇದೆ.

ಜಾಸ್ತಿ ತಲೆ ಓಡಿಸಬೇಕಾದ್ದು ಪ್ರಾಸಕ್ಕೆ. ಬಣ್ಣದ ಹೆಸರು ಕೊನೆಯ ಪದವಾಗಿಯೇ ಬರಬೇಕು:

ಎಮ್ಮೆ ತಿಂತು ಬುಟ್ಟಿ ಸೊಪ್ಪು,
ಬಾಲದವರೆಗೂ ಕಪ್ಪು ಕಪ್ಪು!

ಗಿಳಿರಾಮ ನನ್ನ ಹೆಸರು,
ಮೈಯ ತುಂಬ ಹಸಿರು ಹಸಿರು!

ಮಿಂಚುಳ್ಳಿಗೆ ಕುರ್ಚಿ ಬೇಲಿ,
ಬೆನ್ನು ನೋಡು ನೀಲಿ ನೀಲಿ!

ಕೆಂಪಿಗೆ ಚಗಳಿ ಇರುವೆ, ಗುಂಪು ಅಂತ ಪ್ರಾಸ ತಾನಾಗಿ ಬಂತು. ಹಳದಿಗೆ ಎರಡು ದಿನ ತಿಪ್ಪರಲಾಗ ಹಾಕಿದೆ. ಕೊನೆಗೆ ಗದ್ದೆಯ ಗೂಂಕರು ಕಪ್ಪೆ ಕಾಪಾಡಿತು. ಮೊದಲ ಮಳೆಗೆ ಗಂಡು ಕಪ್ಪೆಗಳು ಅರಿಶಿನ ಬಳಿದುಕೊಂಡ ಹಾಗೆ ಆಗುತ್ತವಲ್ಲ? "ಮಳೆ ಬಂತು, ಕಪ್ಪೆ ಸರದಿ, ಮೈಯೆಲ್ಲ ಹಳದಿ ಹಳದಿ!"

ಒಂದು ಕಡೆ ಎಡವಿದೆ. ಬಿಳಿಗೆ ಪ್ರಾಸ ಸುಲಭ ಅಂತ "ಮರದ ಮೇಲೆ ಹಸಿರು ಗಿಳಿ, ಗದ್ದೆಯ ಬೆಳ್ಳಕ್ಕಿ ಬಿಳಿ" ಅಂತ ಬರೆದಿದ್ದೆ. ಮಗು ಹಿಡಿದುಕೊಂಡಿದ್ದು ಗಿಳಿ, ಬಿಳಿ ಎರಡನ್ನೇ. ವಾರವಿಡೀ "ಗಿಳಿ ಬಿಳಿ, ಗಿಳಿ ಬಿಳಿ" ಅಂತ ಹಾಡಿಕೊಂಡು ತಿರುಗಿದಳು. ಬಣ್ಣಕ್ಕೆ ಪ್ರಾಸವಾಗುವ ಪದ ಇನ್ನೊಂದು ಪ್ರಾಣಿಯದ್ದಾಗಬಾರದು. ಈಗ ಆ ಪುಟದಲ್ಲಿ "ಬೆಳ್ಳಕ್ಕಿಯೇ ಕೆಳಗೆ ಇಳಿ, ನಿನ್ನ ರೆಕ್ಕೆ ಎಷ್ಟು ಬಿಳಿ!" ಅಂತಿದೆ.

ಓದುವಾಗ ಮೂರ್ನಾಲ್ಕು ದಿನ ಪೂರ್ತಿ ಸಾಲು ಹೇಳಿ. ಆಮೇಲೆ ಕೊನೆಯ ಪದದ ಹತ್ತಿರ ಬಂದು ಬಾಯಿ ಮುಚ್ಚಿ. "ಬಾಲದವರೆಗೂ..." ಅಂದು ಮನಸ್ಸಲ್ಲೇ ಐದು ಎಣಿಸಿ. "ಹೇಳು ಹೇಳು" ಅಂತ ಪೀಡಿಸಬೇಡಿ. ಪುಟ್ಟಿ ಮೊದಲ ಸಲ ನನ್ನ ಬಾಯನ್ನೇ ನೋಡುತ್ತಾ ಕೂತಳು. ತುಟಿ ಒತ್ತಿ "ಪ್ಪು" ಅಂದಳು. ಅಷ್ಟು ಸಾಕು.

ಎರಡು ಪುಟ ಓದಿದರೆ ಆ ದಿನಕ್ಕೆ ಆಯಿತು. ನೀಲಿ, ಹಸಿರು ಎರಡನ್ನೂ ಒಂದೇ ವಾರ ತರಬೇಡಿ, ಕಲಸಿಹೋಗುತ್ತವೆ.

ಪುಸ್ತಕ ಮುಚ್ಚಿದ ಮೇಲೆ ಎದ್ದು ಓಡಾಡಬೇಕು, ಇಲ್ಲದಿದ್ದರೆ ಹಸಿರು ಗಿಳಿಯಲ್ಲೇ ಉಳಿದುಬಿಡುತ್ತದೆ. ಅಂಗಳದ ಹಾವಸೆ, ಬಾಳೆ ಎಲೆ, ಅಜ್ಜಿಯ ಬಳೆ ಎಲ್ಲವೂ ಹಸಿರು ಅಂತ ಗೊತ್ತಾಗಬೇಕು. "ಹಸಿರು ಬಳೆ" ಅನ್ನುವುದಕ್ಕಿಂತ "ಬಳೆ ನೋಡು, ಹಸಿರು" ಅನ್ನಿ. ವಸ್ತು ಮೊದಲು ಕಣ್ಣಿಗೆ ಬಿದ್ದರೆ ಕಿವಿ ಬಣ್ಣಕ್ಕೆ ಕಾಯುತ್ತದೆ. "ಇದು ಯಾವ ಬಣ್ಣ?" ಅಂತ ಪರೀಕ್ಷೆ ಮಾಡುವುದು ಆಮೇಲಿನ ಮಾತು. ಮೊದಲು "ಇಂಥದ್ದೇ ಇನ್ನೊಂದು ತಾ" ಅನ್ನಿ. ಹೆಸರು ಬರುವ ಮುಂಚೆಯೇ ಮಕ್ಕಳು ಜೋಡಿ ಹುಡುಕುತ್ತವೆ. ಮೂರು ತುಂಬಿದ ಮೇಲೂ ತಪ್ಪು ಹೇಳಿದರೆ ಗಾಬರಿ ಬೇಡ. ನಾಲ್ಕೈದು ವರ್ಷಕ್ಕೂ ಕೆಂಪು, ಹಸಿರು ಬೇರೆ ಮಾಡಲಾಗದಿದ್ದರೆ, ಅದರಲ್ಲೂ ಗಂಡುಮಕ್ಕಳಾದರೆ, ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ.

ಆನೆಯ ಪುಟ ಕೊನೆಗೆ ಸೇರಿತು. "ಪುಟ್ಟಿ, ಬಂದು ಪುಸ್ತಕ ಓದು, ಆನೆ ಬೆನ್ನು ಬೂದು ಬೂದು." ನಮ್ಮಮ್ಮ ಮಾತ್ರ ಆನೆ ಕಪ್ಪು ಅಂತ ಹಟ ಹಿಡಿದಿದ್ದಾರೆ. ಪುಟ್ಟಿ ಸದ್ಯಕ್ಕೆ ಅಜ್ಜಿ ಪಾರ್ಟಿ.